ಜೀಪಿನ ಅಡಿಯ ಗರುಡ

"ಈ ಕೈ ನೋಡ್ರಿ ಎಲ್ಲಾರೂ! ಗರುಡನ ಕುತ್ತಿಗಿ ಹಿಚುಕಿದ ಕೈ ಇದು. ಇನ್ನ ಮ್ಯಾಲ ಯಾರೂ ಇವನ ಕೈಯಾಗ ಗಾಡಿ ಕೊಡಬ್ಯಾಡ್ರಿ. ಗಾಡಿ ಒತ್ತಟ್ಟಿಗಿರಲಿ, ಮುರಕ ಸೈಕಲ್ ಸೈತ ಕೊಡಬ್ಯಾಡ್ರಿ!"

ಸೇಡಂನ ಚಿಂಚೋಳಿ ರಸ್ತೆಯ ತಿರುವಿನಲ್ಲಿ, ಮಾಸುಮಬಿಯ ಚಹಾದಂಗಡಿಯ ಮುಂದೆ ಪಾಂಡುರಂಗರಾಯರು ಹೀಗೆ ಕೂಗಿದರು. ಕೂಗುವಾಗ ಉದಯಕುಮಾರನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಕುಸ್ತಿ ಗೆದ್ದವನ ಕೈ ಎತ್ತುವಂತೆ ಮೇಲಕ್ಕೆತ್ತಿದ್ದರು. ಆ ಕೈ ಮೊಣಕೈವರೆಗೆ ಕಪ್ಪಗಿತ್ತು. ಗ್ರೀಸು.

ರಾಯರು ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಉದಯಕುಮಾರ ಎಂಟನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟದ್ದು ಅವರ ಶಾಲೆಯಿಂದಲೇ. ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಕಾಲದ ದನಿಯನ್ನು ಅವರು ಸರ್ಕಾರಕ್ಕೆ ವಾಪಸು ಕೊಟ್ಟಿರಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ, ಆಟೋದವರು, ಕಲ್ಲು ಹೇರುವವರು, ಬಸ್ಸಿಗೆ ಕಾಯುವ ಹೆಂಗಸರು, ಕಪ್ಪು ಬಸಿ ಹಿಡಿದಲ್ಲೇ ಹಿಡಿದು ನೋಡಿದರು. ಅವರಲ್ಲಿ ಚಿತ್ತಾಪುರದ ಗಿರಾಕಿಯೊಬ್ಬನಿದ್ದ. ತನ್ನ ಗಾಡಿಯ ಕೆಲಸಕ್ಕೆ ಉದಯನನ್ನೇ ಹುಡುಕಿಕೊಂಡು ಬಂದವನು. ಅವನು ಅರ್ಧ ಚಹಾ ಬಿಟ್ಟು ಎದ್ದು ಹೋದ. ಬೈಗುಳಕ್ಕಿಂತ ಮೊದಲು ಉದಯನ ಎದೆ ಸುಟ್ಟದ್ದು ಆ ಅರ್ಧ ಚಹಾ.

ಅವನು ಮಾಡಿದ ಅಪರಾಧವಾದರೂ ಏನು? ರಾಯರ ಜೀಪಿನ ಶಾಫ್ಟಿನ ಜಾಯಿಂಟಿಗೆ ಗ್ರೀಸು ಹೊಡೆದಿದ್ದ. ಅಷ್ಟೇ.

ರಾಯರ ಮನೆದೇವರು ಚಿಂಚೋಳಿಯಾಚೆ ಕಾಡುಗುಡ್ಡದ ಮೇಲಿನ ನರಸಿಂಹ. ಅಲ್ಲಿಗೆ ಹೋಗುವ ದಾರಿಗೆ ದಾರಿ ಎನ್ನುವುದೇ ಸುಳ್ಳು. ಹಳ್ಳ, ಜಾರುವ ಕೆಂಪುಮಣ್ಣು, ತಲೆಯಷ್ಟು ತಲೆಯಷ್ಟು ಕಲ್ಲು. ಅದಕ್ಕೆಂದೇ ರಾಯರು ವಾಡಿಯ ಕಡೆಯ ಗಣಿಯಿಂದ ಹಳೆಯ ಜೀಪು ತಂದಿದ್ದರು, ನಾಲ್ಕೂ ಗಾಲಿಗೆ ಎಳೆತವಿದ್ದದ್ದು. ಅದರ ಜೊತೆಗೇ ಬಂದವನಂತೆ ಉದಯ ಬಂದ, ಓಡಿಸಲಿಕ್ಕೂ ರಿಪೇರಿಗೂ. ಅವನ ಮನೆ ಕಾಗಿಣಾ ದಂಡೆಯಲ್ಲಿ. ಮನೆಯ ಮಂದಿ ನೀರು ನಂಬಿದವರು, ಅವನು ಗಣಿಯ ಗ್ಯಾರೇಜಿನಲ್ಲಿ ಬೆಳೆದು ಎಣ್ಣೆ ನಂಬಿದ.

ಎಂಜಿನ್ನಿನ ತಿರುಗುವ ಬಲವನ್ನು ಹಿಂದಿನ ಗಾಲಿಗೆ ಒಯ್ಯುವ ಕಬ್ಬಿಣದ ಕೊಳವೆಯೇ ಶಾಫ್ಟು. ಅದರ ಎರಡೂ ತುದಿಗೆ ಮೊಣಕೈಯಂತೆ ಬಾಗುವ ಜಾಯಿಂಟು. ಜಾಯಿಂಟಿನೊಳಗೆ ನಾಲ್ಕು ತೋಳಿನ ಕ್ರಾಸು, ತೋಳಿಗೊಂದು ಟೋಪಿ, ಟೋಪಿಯೊಳಗೆ ಸೂಜಿಯಂಥ ಸಣ್ಣ ಕಡ್ಡಿಗಳು. ಅವು ಗ್ರೀಸಿನಲ್ಲಿ ಮುಳುಗಿರಬೇಕು. ಹಳ್ಳ ದಾಟಿದ ಪ್ರತಿ ಸಲವೂ ನೀರು ಅದನ್ನು ತೊಳೆಯುತ್ತದೆ, ಪ್ರತಿ ಸಲವೂ ಅಡಿಗೆ ಮಲಗಿ ಗ್ರೀಸ್ ಗನ್ನು ಹಚ್ಚಿ ಒತ್ತಬೇಕು. ನಾಲ್ಕೂ ಟೋಪಿಯ ಅಂಚಿನಿಂದ ಹಳೆಯ ಕೊಳಕು ಹೊರಬಂದು ಹಿಂದೆ ಹೊಸದು ಇಣುಕುವ ತನಕ ಕೈ ಬಿಡಬಾರದು. ಒಂದು ಟೋಪಿ ಒಣಗಿದರೂ ಸಾಕು, ಚೀರುತ್ತದೆ.

ಹೋದ ಮಳೆಗಾಲದ ಕೊನೆಗೆ ಉದಯ ಕಾಮಾಲೆಯಾಗಿ ಹಾಸಿಗೆ ಹಿಡಿದ. ಜೀಪನ್ನು ರಾಯರ ತಮ್ಮ ರಘೂತ್ತಮಾಚಾರ್ಯರು ಓಡಿಸಿದರು. ಆ ಗುಡ್ಡದ ಪೂಜೆ ಅವರದೇ. ಅವರಿಗೆ ಓಡಿಸಲು ಬರುತ್ತಿತ್ತು, ಅಡಿಗೆ ಮಲಗಲು ಬರುತ್ತಿರಲಿಲ್ಲ. ಹಳ್ಳದಲ್ಲಿ ಎಮ್ಮೆ ಈಜಿಸಿದಂತೆ ಈಜಿಸಿ ತಂದು ನಿಲ್ಲಿಸಿದರು. ಜಾಯಿಂಟು ಒಣಗಿತು. ಕೀಂ... ಕೀಂ... ಕೀಂ... ಎನ್ನತೊಡಗಿತು.

ಮುಂದಿನ ಸೀಟಿನಲ್ಲಿ ರಾಯರ ತಾಯಿ ಶಾರದಾಬಾಯಿ ಕೂತಿದ್ದರು. ಅವರ ಕಿವಿ ಹೋಗಿ ಬಹಳ ಕಾಲವಾಗಿತ್ತು. ಮಗ ಕೂಗಿದರೂ ಕೇಳದು, ಪೂಜೆಯ ಘಂಟೆಯೂ ಕೇಳದು. ಆದರೆ ಈ ಸದ್ದು ಕಿವಿಯ ಹಂಗಿಗೆ ಹೋಗಲಿಲ್ಲ. ಚಾಸಿಯಿಂದ ಸೀಟಿನ ಕಬ್ಬಿಣಕ್ಕೆ, ಸೀಟಿನಿಂದ ಮುದುಕಿಯ ಎಲುಬಿಗೆ ನೇರ ಏರಿತು. ಮುಂದಿನ ಸರಳನ್ನು ಎರಡೂ ಕೈಯಿಂದ ಹಿಡಿದಿದ್ದ ಶಾರದಾಬಾಯಿ ಕಣ್ಣರಳಿಸಿ ಅಂದರು: "ಪಾಂಡು, ಗರುಡ ಕೂಗ್ಲಿಕತ್ಯಾನ!"

ಘಂಟೆ ಕೇಳದವಳಿಗೆ ಕೇಳಿತೆಂದ ಮೇಲೆ ಅದು ಕಬ್ಬಿಣ ಎನ್ನುವ ಧೈರ್ಯ ಯಾರಿಗಿದೆ? ಆ ಮನೆಯಲ್ಲಿ ಮೊದಲಿನಿಂದ ಒಂದು ಪದ್ಧತಿಯಿತ್ತು. ನೈವೇದ್ಯವಾದ ಮೇಲೆ ಎಲ್ಲರೂ ಅಂಗಳಕ್ಕೆ ಬಂದು ಆಕಾಶ ನೋಡುವುದು. ಗರುಡ ಒಂದು ಸುತ್ತು ಹಾಕಿದರೆ ಸಂತೋಷದಿಂದ ಉಣ್ಣುವುದು, ಹಾಕದಿದ್ದರೆ ಮುಖ ಸಣ್ಣ ಮಾಡಿಕೊಂಡು ಉಣ್ಣುವುದು. ಸುತ್ತಲಿನ ಆಕಾಶದಲ್ಲಿ ಸಿಮೆಂಟಿನ ಧೂಳು ಸುತ್ತುತ್ತದೆ, ಗರುಡ ಎಲ್ಲಿಂದ ಬರಬೇಕು? ಹಾಗಾಗಿ ಎಷ್ಟೋ ಕಾಲದಿಂದ ಸಣ್ಣ ಮುಖದ ಊಟವೇ ನಡೆದಿತ್ತು. ಈಗ ಆಕಾಶ ನೋಡುವ ಕಷ್ಟ ತಪ್ಪಿತು. ನೈವೇದ್ಯವಾದ ಕೂಡಲೆ ಶಾರದಾಬಾಯಿಯನ್ನು ಕೂರಿಸಿಕೊಂಡು ಆಚಾರ್ಯರು ಜೀಪನ್ನು ಅಂಗಳದಲ್ಲಿ ಒಂದು ಸುತ್ತು ಹೊಡೆಸುವರು. ಕೀಂ ಅನ್ನುವುದು. ಎಲ್ಲರೂ ಕೈ ಮುಗಿದು ಎಲೆಯ ಮುಂದೆ ಕೂಡುವರು. ಓಣಿಯ ಮಂದಿ ಕಾಂಪೌಂಡಿನ ಆಚೆ ನಿಂತು ಕೈ ಮುಗಿಯತೊಡಗಿದರು. ಒಬ್ಬಾಕೆ ಬಂಪರಿಗೆ ಮಲ್ಲಿಗೆ ದಂಡೆ ಕಟ್ಟಿದಳು.

ಇಷ್ಟೆಲ್ಲ ನಡೆದದ್ದು ಉದಯನಿಗೆ ಗೊತ್ತಿಲ್ಲ. ಕಾಮಾಲೆ ಇಳಿದು ಎದ್ದು ಬಂದವನು ಗೇಟಿನಲ್ಲೇ ಆ ಸದ್ದು ಕೇಳಿ ತಲೆ ಚಚ್ಚಿಕೊಂಡ. ಯಾರನ್ನೂ ಕೇಳಲಿಲ್ಲ. ಫರ್ಶಿಕಲ್ಲಿನ ಮೇಲೆ ಅಂಗಾತ ಮಲಗಿ ಅಡಿಗೆ ಜಾರಿದ, ಗ್ರೀಸು ಹೊಡೆದ, ಜೀಪು ತೆಪ್ಪಗಾಯಿತು. ಅವನಿಗೆ ಎಂಥ ಸಂತೋಷವೆಂದರೆ, ಅಂದು ಬಾಯಿ ತುಂಬ ಸಿಳ್ಳೆ ಹಾಕಿಕೊಂಡು ಮನೆಗೆ ಹೋದ.

ಮರುದಿನ ಜೀಪು ಅಂಗಳ ಸುತ್ತಿತು. ಸದ್ದಿಲ್ಲ. ಮತ್ತೆ ಸುತ್ತಿತು. ಅನ್ನ ಆರಿತು. ಶಾರದಾಬಾಯಿ ಸರಳು ಹಿಡಿದುಕೊಂಡೇ ಕೂತರು, ಇಳಿಯಲೊಲ್ಲರು. "ಹೋಗಿಬಿಟ್ಟ," ಎಂದರು. ಅಂದಿನಿಂದ ಮುದುಕಿ ಹಾಲೊಂದನ್ನು ಬಿಟ್ಟು ಏನೂ ಮುಟ್ಟಲಿಲ್ಲ. ರಾಯರು ಮಾಸುಮಬಿಯ ಅಂಗಡಿಗೆ ನಡೆದು ಬಂದದ್ದು ಆ ಸಿಟ್ಟಿನಲ್ಲಿ.

ಕೈ ಬಿಡಿಸಿಕೊಂಡು ಉದಯ ಅಂದ: "ಸರ, ಅದು ಗರುಡ ಅಲ್ರೀ. ಕ್ರಾಸು. ಒಣಗಿತ್ತು, ಅದಕ್ಕ ಒದರ್ತಿತ್ತು. ಹಂಗೇ ಬಿಟ್ರ ಒಂದಿನ ಶಾಫ್ಟೇ ಕಳಚಿ ಬೀಳ್ತದ."

"ಎಂಟನೇತ್ತಾ ದಾಟದಂವಾ ನೀ ನನಗ ಪಾಠ ಹೇಳ್ತಿಯೇನೋ?"

ಉದಯನಿಗೆ ತಲೆ ಕೆಟ್ಟಿತು. ಮಾಸುಮಬಿ ಹಳೆಯ ಪೇಪರು ಹಾರದಂತೆ ಭಾರಕ್ಕಿಟ್ಟಿದ್ದ ಸವೆದ ಕ್ರಾಸೊಂದನ್ನು ಕಿತ್ತುಕೊಂಡು ಎಲ್ಲರ ಮುಂದೆ ಹಿಡಿದ. "ಇಕಾ ನೋಡ್ರಿ! ಗರುಡ ಅಂತ, ಗರುಡ! ಇದಕ್ಕ ನಾಕು ಕೈ ಅದಾವ, ಕೈಗೆಲ್ಲ ಗ್ರೀಸ್ ಬೇಕು..."

ರಾಯರ ಹಿಂದೆ ನಿಂತಿದ್ದ ರಘೂತ್ತಮಾಚಾರ್ಯರು ಮುಂದೆ ಬಂದು ಕ್ರಾಸನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತಿರುಗಿಸಿ ನೋಡಿದರು. ಕಣ್ಣಿಗೊತ್ತಿಕೊಂಡರು. "ಅಣ್ಣಾ, ನಾಕು ಕೈ. ಚತುರ್ಭುಜ!"

ಬೆಂಚಿನ ಮೇಲಿದ್ದ ಇಬ್ಬರು ಆಟೋದವರು ಚಪ್ಪಲಿ ಬಿಟ್ಟರು.

"ಯಾ ಅಲ್ಲಾ," ಎಂದಳು ಮಾಸುಮಬಿ, "ನಾ ಅದರ ಮ್ಯಾಲ ದಿನಾ ಬಿಸಿ ಪಾತೇಲಿ ಸೈತ ಇಡ್ಲಿಕತ್ತಿದ್ದೆ!"

ಸೋಲು ಎಂದರೇನು ಎಂದು ಉದಯನಿಗೆ ತಿಳಿಯಿತು. ಹಲ್ಲು ಕಡಿದು ಕೇಳಿದ: "ಕೂಗು ಬೇಕಲ್ರಿ ನಿಮಗ? ತಂದು ಕೊಟ್ರ?"

"ತಾ," ಎಂದರು ರಾಯರು. "ನಮ್ಮವ್ವಗ ಮತ್ತ ಕೇಳಿಸು. ಇದೇ ಜಾಗಾದಾಗ, ಇದೇ ಮಂದಿ ಮುಂದ, ನಾ ಆಡಿದ ಮಾತು ನಾನ ನುಂಗ್ತೀನಿ. ಅಲ್ಲೀತನಕ ಈ ಕೈ ಪಾಪಿ ಕೈ."

ರಾಯರ ಮಾತು ಸುಳ್ಳಾಗಲಿಲ್ಲ. ಪಾಪಿ ಕೈಗೆ ಯಾರೂ ಗಾಡಿ ಕೊಡಲಿಲ್ಲ. ಮನೆಗೆ ಹೋದರೆ ಅವ್ವ ಹೀರಾಬಾಯಿ ಎಲೆಯಡಿಕೆ ಜಗಿಯುತ್ತ ಕೇಳಿದಳು: "ಗರುಡನ್ನ ಯಾಕ ಕೊಂದ್ಯೋ ಬಾಡ್ಯಾ?"

"ಯವ್ವಾ, ಕಬ್ಬಿಣ ಅದು! ಕಬ್ಬಿಣ!"

"ಕಬ್ಬಿಣ ಇದ್ರ ಏನಾತು? ಆ ಮುದುಕಿ ಅದರ ಮ್ಯಾಲ ಉಣ್ತಿದ್ದಳಿಲ್ಲ?"

ಇದಕ್ಕೆ ಏನು ಹೇಳುತ್ತೀರಿ? ಉದಯ ಎದ್ದು ಹೊರಗೆ ಹೋಗಿ ಒಂದು ಖಾಲಿ ಡಬ್ಬಿಯನ್ನು ಒದ್ದ. ಅದು ಕಾಗಿಣಾಕ್ಕೆ ಬಿದ್ದು ತೇಲಿಕೊಂಡು ಹೋಯಿತು. ಅದರ ಮೇಲೂ ಸಿಟ್ಟು ಬಂತು.

ಕಡೆಗೊಂದು ಮಧ್ಯಾಹ್ನ ರಾಯರ ಅಂಗಳಕ್ಕೆ ಹೋಗಿ ಫರ್ಶಿಯ ಮೇಲೆ ಮಲಗಿದ. ಶಾಫ್ಟು ಇಳಿಸಿದ. ಕ್ರಾಸಿನ ಟೋಪಿ ಬಿಚ್ಚಿದ. ತಾನೇ ತುಂಬಿದ ಹೊಳೆಯುವ ಗ್ರೀಸನ್ನು ಡೀಜಲಿನಲ್ಲಿ ತೊಳೆದು, ಸೂಜಿಗಳನ್ನು ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟು ಒಣಗಿಸಿದ. ಮಗುವಿನ ಬಾಯಿಂದ ತುತ್ತು ಕಿತ್ತುಕೊಂಡಂತೆ ಅನಿಸಿತು. ಅನಿಸಿದಷ್ಟೂ ಇನ್ನೂ ಚೆನ್ನಾಗಿ ಒರೆಸಿದ. ಕೂಡಿಸಿದ. ಜೀಪು ಸುತ್ತು ಹೊಡೆಯಿತು. ಕೀಂ!

ಶಾರದಾಬಾಯಿಯ ಕಣ್ಣಲ್ಲಿ ನೀರು ಬಂತು. ಅಂದು ಎರಡು ಸಲ ಅನ್ನ ಹಾಕಿಸಿಕೊಂಡರು. ಇಳಿಯುವಾಗ ಉದಯನ ಗಲ್ಲ ಸವರಿ, "ಕರಕೊಂಡು ಬಂದ್ಯಾ ಮಗಾ," ಎಂದರು. ಅವನು ಮುಖ ತಿರುಗಿಸಿದ.

ಆದರೆ ರಾಯರು ಮಾತು ನುಂಗಲಿಲ್ಲ. "ಕೂಗು ಬಂದದ, ಖರೆ. ಆದ್ರ ಭಾಳ ಸೊರಗ್ಯದ. ಅಂಗಳದಾಗ ಕೂಗಿದ್ರ ಏನಾತು? ನರಸಿಂಹ ಜಯಂತಿ ದಿನ ಗುಡ್ಡ ಏರೂದರಾಗ ಕೂಗ್ಲಿ. ಮರುದಿನ ಮುಂಜಾನೆ ಮಾಸುಮಬಿ ಅಂಗಡಿಗಿ ನಾನ ಬರ್ತೀನಿ."

ಅಲ್ಲಿಂದ ಉದಯ ಗ್ರೀಸು ತೆಗೆಯುವ ಕೆಲಸದಲ್ಲಿ ಉಸ್ತಾದನಾದ. ಯಾವ ಟೋಪಿ ಒಣಗಿದರೆ ದನಿ ತೆಳ್ಳಗೆ, ಯಾವುದು ಒಣಗಿದರೆ ಗಡುಸು, ಒಂದು ಚಿಟಿಕೆ ಮಣ್ಣು ಬಿದ್ದರೆ ಹೇಗೆ ಒಡೆಯುತ್ತದೆ, ಎಲ್ಲ ಕಲಿತ. ಸುದ್ದಿ ಹಬ್ಬಿತು. ಅರ್ಧ ಚಹಾ ಬಿಟ್ಟು ಹೋಗಿದ್ದ ಚಿತ್ತಾಪುರದವನು ತಿರುಗಿ ಬಂದು, ಮಗಳ ಮದುವೆ ಮೆರವಣಿಗೆಯ ಗಾಡಿಗೆ ಕೋಗಿಲೆ ಬೇಕೆಂದ. ಶಹಾಬಾದದ ರಮೇಶಕುಮಾರ ಕಲ್ಲಿನ ಟ್ರ್ಯಾಕ್ಟರ್ ತಂದು ನಿಲ್ಲಿಸಿದ.

"ನಂದಕ್ಕೂ ಒಂದು ಹಕ್ಕಿ ಕೂಡಸಪಾ."

"ಯಾವ ಹಕ್ಕಿ?" ಎಂದ ಉದಯ, ದರ್ಜಿ ಅಳತೆ ಕೇಳುವಂತೆ.

"ನವಿಲು ಆಗ್ತದೇನು?"

"ಟ್ರ್ಯಾಕ್ಟರಿಗೆ ನವಿಲು ಕೂಡಂಗಿಲ್ಲ. ಟಿಟ್ಟಿಭ ಕೂಡ್ತದ."

"ನಡೀತದ. ನಮ್ಮ ಬಾಜೂದಾವನ ಹತ್ರ ಏನೂ ಇಲ್ಲ."

ಗ್ರೀಸ್ ಗನ್ನು ಮೊಳೆಯಲ್ಲಿ ನೇತಾಡಿತು. ಅದರ ಮೂತಿಗೆ ಜೇಡ ಬಲೆ ಕಟ್ಟಿತು. ಒಳ್ಳೆಯ ಕೆಲಸ ಮಾಡಿದಾಗ ಒಬ್ಬನೂ ಬಸಿ ಚಹಾ ಕುಡಿಸಿರಲಿಲ್ಲ; ಈಗ ಗಾಡಿ ಕೆಡಿಸಲಿಕ್ಕೆ ಸರದಿ ನಿಂತಿದ್ದರು. ಈ ಮಂದಿಗೆ ಇದೇ ಸರಿ ಎಂದು ಉದಯ ಮನಸಿನಲ್ಲೇ ಉಗುಳಿದ. ಉಗುಳಿದ್ದು ಎಲ್ಲಿ ಬೀಳುತ್ತದೆ ಎಂದು ನೋಡಲಿಲ್ಲ.

ನೋಡಿದವಳು ಮಾಸುಮಬಿ. ಚಹಾ ಸೋಸುತ್ತ ಒಂದೇ ಮಾತು ಕೇಳಿದಳು: "ಆ ಮುದುಕಿ ಮುಂದಿನ ಸೀಟಿನ್ಯಾಗ ಕೂಡ್ತಾಳ. ಗೊತ್ತದಲ್ಲ?"

"ಗೊತ್ತದ ಆಪಾ. ಗುಡ್ಡದ ತನಕ ತಡೀತದ."

"ಇಳಿಯೂ ತನಕ?"

"ನನ್ನ ಇಜ್ಜತ್ ಹೋಗಿದ್ದು ನಿನ್ನ ಅಂಗಡ್ಯಾಗ. ಅದನ್ನ ತಿರುಗಿ ತರೂ ತನಕ ತಡದ್ರ ಸಾಕು."

ನರಸಿಂಹ ಜಯಂತಿಯ ದಿನ ಬಿಸಿಲು ಕಬ್ಬಿಣ ಕಾಯಿಸುವಂತಿತ್ತು. ಮುಂದಿನ ಸೀಟಿನಲ್ಲಿ ಶಾರದಾಬಾಯಿ, ಹಿಂದೆ ರಾಯರು, ಆಚಾರ್ಯರು, ಪಾನಕದ ತಾಮ್ರದ ಕೊಡ, ಏರಿನಲ್ಲಿ ಗಾಲಿಗೆ ಅಡ್ಡ ಕೊಡಲು ಒಂದು ಫರ್ಶಿಕಲ್ಲು. ಸೇಡಂ ದಾಟುವಾಗ ಸಣ್ಣಗಿದ್ದ ಕೂಗು ಚಿಂಚೋಳಿ ಪೇಟೆಯಲ್ಲಿ ಮಂದಿ ತಿರುಗಿ ನೋಡುವಷ್ಟಾಯಿತು. ಕಾಡು ಸೇರಿ ಹಳ್ಳದ ಉಳಿದ ನೀರು ದಾಟಿದ ಮೇಲಂತೂ ಗುಡ್ಡವೇ ಮರುದನಿ ಕೊಟ್ಟಿತು. ಮರದ ಮೇಲಿನ ಖರೆ ಹಕ್ಕಿಗಳು ಹೆದರಿ ಎದ್ದವು.

"ಆಹಾಹಾ!" ಎಂದರು ಆಚಾರ್ಯರು.

ಗೇರಿನ ಕೋಲಿನ ಮೂಲಕ ಉದಯನ ಅಂಗೈಗೆ ಬೇರೆಯೇ ಒಂದು ಸುದ್ದಿ ಬರುತ್ತಿತ್ತು. ಪ್ರತಿ ಸಲ ಗೇರು ಬದಲಿಸಿದಾಗ ಅಡಿಯಲ್ಲಿ ಲಟ್ ಎನ್ನುತ್ತಿತ್ತು, ಸಡಿಲಾದ ಹಲ್ಲಿನಂತೆ. ಏರು ಬಂದಾಗ ಮುಂದಿನ ಗಾಲಿಗೂ ಎಳೆತ ಕೊಡುವ ಲಿವರ್ ಹಾಕಬೇಕು. ಹಾಕಿದರೆ ಹಿಂದಿನ ಶಾಫ್ಟಿನ ಭಾರ ಇಳಿಯುತ್ತದೆ. ಭಾರ ಇಳಿದರೆ ಕೂಗು ಸಣ್ಣದಾಗುತ್ತದೆ. ಕೈ ಲಿವರಿನ ತನಕ ಹೋಯಿತು. ಚಹಾದಂಗಡಿ ನೆನಪಾಯಿತು, ಎತ್ತಿ ಹಿಡಿದ ಕರಿ ಕೈ ನೆನಪಾಯಿತು. ಕೈ ತಿರುಗಿ ಬಂತು.

ಕೊನೆಯ ಏರಿನಲ್ಲಿ ಜೀಪು ಒಮ್ಮೆ ಉದ್ದಕ್ಕೆ ಚೀರಿತು. ಅಂಥ ಚೀರು ಅದರ ಗಂಟಲಲ್ಲಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಆಮೇಲೆ ಧಡಲ್ ಎಂದು ಏನೋ ಬಿತ್ತು. ಆಮೇಲೆ ಸದ್ದೇ ಇಲ್ಲ.

ಎಂಜಿನ್ನು ಗುಂಯ್‌ಗುಡುತ್ತಿತ್ತು, ಜೀಪು ಹಿಂದಕ್ಕೆ ಜಾರುತ್ತಿತ್ತು. ಉದಯ ಹ್ಯಾಂಡ್‌ಬ್ರೇಕ್ ಜಗ್ಗಿದ. ಆ ಹಳೆಯ ಜೀಪಿನ ಹ್ಯಾಂಡ್‌ಬ್ರೇಕು ಹಿಡಿಯುವುದು ಶಾಫ್ಟನ್ನೇ, ಶಾಫ್ಟು ರಸ್ತೆಯಲ್ಲಿ ಬಿದ್ದಿತ್ತು. ಕಾಲಿನ ಬ್ರೇಕು ಒತ್ತಿ ನಿಂತ. ಗಾಲಿ ತಿರುಗದೆ ಕೆಂಪು ಹರಳಿನ ಮೇಲೆ ಹಾಗೇ ಜಾರಿತು. ಹಿಂದೆ ಕೊರಕಲು.

"ಆಚಾರ್ರ, ಫರ್ಶಿ! ಫರ್ಶಿ ಒಗೀರಿ ಗಾಲಿ ಅಡಿಗಿ!"

ಆಚಾರ್ಯರು ಜಿಗಿದು, ಗಡಿಬಿಡಿಯಲ್ಲಿ ಮೊದಲು ಪಾನಕದ ಕೊಡ ಇಟ್ಟರು. ಕೊಡ ತಟ್ಟೆಯಾಯಿತು, ಪಾನಕ ಅವರ ಎದೆಗೆ ಹಾರಿತು. ಆಮೇಲೆ ಫರ್ಶಿ ಸಿಕ್ಕಿತು. ಅದು ಎರಡು ತುಂಡಾಗಿ, ತುಂಡಾಗಿಯೇ ಗಾಲಿಯನ್ನು ಹಿಡಿದು ನಿಲ್ಲಿಸಿತು.

ಉದಯ ಬದಿಗೆ ನೋಡಿದ. ಶಾರದಾಬಾಯಿ ಸರಳು ಹಿಡಿದು ನಗುತ್ತಿದ್ದರು. ಜಾರಿದ್ದು, ಕೊರಕಲು, ಕೂಗಾಟ, ಒಂದೂ ಅವರಿಗೆ ಗೊತ್ತಾಗಿರಲಿಲ್ಲ.

"ಕೂಗು ನಿಂತಿತು ಪಾಂಡು," ಎಂದರು. "ಇಳದು ಬಂದ ಕಾಣಸ್ತದ. ನೋಡು ಹೋಗು."

ರಾಯರು ನೋಡಹೋದರು. ದಾರಿಯ ನಡುವೆ ಶಾಫ್ಟು ಮಲಗಿತ್ತು, ಕೈಯಿಟ್ಟರೆ ಸುಡುವಷ್ಟು ಬಿಸಿ. ಒಡೆದ ಟೋಪಿಯಿಂದ ಸೂಜಿಗಳು ಅರೆದು ಅರೆದು ಆದ ಕೆಂಪು ಪುಡಿ ಸುರಿದಿತ್ತು, ಕುಂಕುಮದಷ್ಟು ನುಣ್ಣಗೆ. ರಾಯರು ಮೊಣಕಾಲೂರಿ ಬೆರಳಿನಿಂದ ಅದನ್ನು ಮುಟ್ಟಿ ಹಣೆಗಿಟ್ಟುಕೊಂಡರು. ಆಚಾರ್ಯರು ತಮ್ಮ ಶಲ್ಯ ಬಿಚ್ಚಿ, ಶಾಫ್ಟನ್ನು ಕೂಸಿನಂತೆ ಸುತ್ತಿ ಎತ್ತಿಕೊಂಡರು.

"ಸರ," ಎಂದ ಉದಯ. "ಸರ, ಅದು..."

"ಏನೂ ಮಾತಾಡಬ್ಯಾಡ," ಎಂದರು ರಾಯರು, ಕಣ್ಣೊರೆಸಿಕೊಳ್ಳುತ್ತ. "ನಿನಗೂ ಮಾತು ಹೊರಡವಲ್ದು. ನನಗೂ ಹೊರಡವಲ್ದು."

ಉಳಿದ ಏರನ್ನು, ಆಮೇಲೆ ಇಳಿತವನ್ನು, ಉದಯ ಮುಂದಿನ ಗಾಲಿಗಳ ಎಳೆತದಲ್ಲೇ ದಾಟಿಸಿದ. ಮೊದಲೇ ಹಾಕಬೇಕಿದ್ದ ಆ ಲಿವರ್ ಬೆಣ್ಣೆಯಂತೆ ಕೂತಿತು. ಜೀಪು ಚೂರೂ ಸದ್ದು ಮಾಡಲಿಲ್ಲ.

ಮರುದಿನ ಮುಂಜಾನೆ ರಾಯರು ಆಡಿದಂತೆ ಬಂದರು. ಮಡಿ ಧೋತರ, ಹಣೆಯ ಮೇಲೆ ಆ ಕೆಂಪು. ಆಚಾರ್ಯರು ಮುಂದಿನ ಗಾಲಿಗಳ ಮೇಲೇ ಜೀಪನ್ನು ಮೆಲ್ಲಗೆ ಓಡಿಸಿಕೊಂಡು ಬಂದು ನಿಲ್ಲಿಸಿದರು. ಮುಂದಿನ ಸೀಟಿನಲ್ಲಿ ಶಾರದಾಬಾಯಿ. ಹಿಂದೆ ಹೊಸ ಶಾಫ್ಟು, ಗ್ರೀಸು ಹೊಡೆಯುವ ಅದರ ನಿಪ್ಪಲುಗಳ ಹಳದಿ ಟೊಪ್ಪಿಗೆ ಇನ್ನೂ ತೆಗೆದಿರಲಿಲ್ಲ. ಮಂದಿ ಅದೇ ಮಂದಿ, ಬೆಂಚು ಅದೇ ಬೆಂಚು. ಚಿತ್ತಾಪುರದವನೂ ಇದ್ದ, ಈ ಸಲ ತುಂಬಿದ ಕಪ್ಪಿನೊಂದಿಗೆ.

ರಾಯರು ಉದಯನ ಬಲಗೈ ಹಿಡಿದು ಮೇಲಕ್ಕೆತ್ತಿದರು.

"ಈ ಕೈ ನೋಡ್ರಿ ಎಲ್ಲಾರೂ! ಅವತ್ತ ಇದಕ್ಕ ಪಾಪಿ ಕೈ ಅಂದಿದ್ದೆ. ನನ್ನ ನಾಲಿಗಿ ತಪ್ಪು. ಆ ಮಾತು ನಿಮ್ಮ ಮುಂದ ನುಂಗೀನಿ. ಗರುಡನ್ನ ನೆಲಕ್ಕ ಇಳಿಸಿದ ಕೈ ಇದು. ಸೇಡಂದಾಗ, ಚಿತ್ತಾಪುರದಾಗ, ವಾಡ್ಯಾಗ ಇಂಥಾ ಕೈ ಇನ್ನೊಂದಿಲ್ಲ!"

ಮಂದಿ ಚಪ್ಪಾಳೆ ಹೊಡೆದರು. ರಮೇಶಕುಮಾರನ ಟಿಟ್ಟಿಭ ಟ್ರ್ಯಾಕ್ಟರು ರಸ್ತೆಯಲ್ಲಿ ಚೀರುತ್ತ ಹಾದುಹೋಯಿತು. ಅದಕ್ಕೂ ಒಂದಿಬ್ಬರು ಕೈ ಮುಗಿದರು. ಉದಯ ಮೇಲೆ ನೋಡಿದ. ಎತ್ತಿ ಹಿಡಿದ ಕೈ ಬಿಸಿಲಿನಲ್ಲಿ ಬೆಳ್ಳಗೆ, ಸ್ವಚ್ಛವಾಗಿ ಕಂಡಿತು. ಉಗುರಿನ ಸಂದಿಯಲ್ಲೂ ಕಪ್ಪಿರಲಿಲ್ಲ. ಗ್ರೀಸು ಮುಟ್ಟದೆ ಎಷ್ಟೋ ಕಾಲವಾಗಿತ್ತು.

"ರಾತ್ರೋರಾತ್ರಿ ಹೊಸಾ ಶಾಫ್ಟ್ ತರಸೀನಿ," ಎಂದರು ರಾಯರು, ದನಿ ಇಳಿಸಿ. "ನೀನ ಕೂಡಸಬೇಕು. ಹೇಳಪಾ ಉದಯಕುಮಾರ, ಅಂವಾ ಇದರಾಗ ಮತ್ತ ಬಂದು ಕೂಡ್ತಾನಲ್ಲ?"

ಅವರು ಅವನ ಪೂರ್ತಿ ಹೆಸರು ಕರೆದದ್ದು ಇದೇ ಮೊದಲು. ಮಾಸುಮಬಿ ಸೋಸುವ ಬಟ್ಟೆ ಹಿಡಿದು ನಿಂತಳು, ಚಹಾ ತೊಟ್ಟಿಕ್ಕುತ್ತಿತ್ತು. ಜೀಪಿನಲ್ಲಿ ಶಾರದಾಬಾಯಿ ಸರಳಿನ ಮೇಲೆ ಎರಡೂ ಕೈಯಿಟ್ಟು, ಅವನ ತುಟಿಯನ್ನೇ ನೋಡುತ್ತಿದ್ದರು.

ಉದಯ ತುಟಿ ತೆರೆದ. ಮುದುಕಿ ಸ್ವಲ್ಪ ಮುಂದೆ ಬಾಗಿದರು.

ಹೂಂ ಅಂದರೆ ಇನ್ನೊಂದು ಶಾಫ್ಟು ಒಣಗಬೇಕು, ಊಹೂಂ ಅಂದರೆ ಮುದುಕಿಯ ಎಲೆ ಒಣಗಬೇಕು. ರಾಯರ ಹಿಡಿತದಿಂದ ಕೈಯನ್ನು ಮೆಲ್ಲಗೆ ಹೊರತೆಗೆದ, ಸೂಜಿ ಉದುರದಂತೆ ಟೋಪಿ ತೆಗೆಯುವ ಹಾಗೆ. ಬೆಂಚು ದಾಟಿದ, ಜೀಪು ದಾಟಿದ.

"ಹೇಳಿ ಹೋಗಪಾ!" ಎಂದರು ರಾಯರು.

ಅವನು ಕಾಗಿಣಾದ ಕಡೆಗೆ ನಡೆದುಹೋದ.